ನ್ಯಾಯಪೀಠದ ತೆರವು ಸ್ಥಾನ ಮತ್ತು ಮತದಾರನ ಎಚ್ಚರ

ಚುನಾವಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ರಸ್ತೆ, ನೀರು, ಪಡಿತರ, ಬೆಲೆ ಏರಿಕೆ ಮತ್ತು ಅಭ್ಯರ್ಥಿಯ ಪಕ್ಷ. ನ್ಯಾಯಾಲಯವು ಮತಪೆಟ್ಟಿಗೆಯಿಂದ ಬಹುದೂರದಲ್ಲಿರುವ ಸಂಸ್ಥೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೇ ನಾವು ಭಾವಿಸಿದ್ದೇವೆ. ಆದರೆ 2016ರಿಂದೀಚೆಗೆ ಅಮೆರಿಕದಲ್ಲಿ ನಡೆದ ಚುನಾವಣೆಗಳನ್ನು ಅವಲೋಕಿಸಿದರೆ ಬೇರೆಯೇ ಚಿತ್ರ ದೊರೆಯುತ್ತದೆ. ಅಲ್ಲಿನ ಸುಪ್ರೀಮ್ ಕೋರ್ಟಿನಲ್ಲಿ ಒಂದು ಸ್ಥಾನ ತೆರವಾದಾಗ ಕೆಲವರು ಅದೊಂದೇ ಕಾರಣಕ್ಕೆ ಮತಗಟ್ಟೆಗೆ ಧಾವಿಸಿದರು. ಇನ್ನು ಕೆಲವರು ಅದರ ಮಹತ್ವವನ್ನು ಅರಿಯದೆ ಮನೆಯಲ್ಲೇ ಉಳಿದರು. ಈ ಅಲಕ್ಷ್ಯಕ್ಕೆ ಬೆಲೆ ತೆತ್ತವರಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳೂ ಸೇರಿವೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ಅರಿತುಕೊಳ್ಳಬೇಕು. ಅಮೆರಿಕದ ಸುಪ್ರೀಮ್ ಕೋರ್ಟಿನಲ್ಲಿರುವುದು 9 ಮಂದಿ ನ್ಯಾಯಾಧೀಶರು. ಅವರಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ. ಮರಣ ಹೊಂದಿದಾಗ ಅಥವಾ ತಾವಾಗಿಯೇ ಹುದ್ದೆ ತ್ಯಜಿಸಿದಾಗ ಮಾತ್ರ ಸಾಮಾನ್ಯವಾಗಿ ಸ್ಥಾನ ತೆರವಾಗುತ್ತದೆ. ಹೊಸಬರನ್ನು ಅಧ್ಯಕ್ಷರು ಸೂಚಿಸುತ್ತಾರೆ, ಸೆನೆಟ್ ಒಪ್ಪಿಗೆ ನೀಡುತ್ತದೆ. ಅಧ್ಯಕ್ಷರೂ ಸೆನೆಟ್ ಸದಸ್ಯರೂ ಜನರ ಮತದಿಂದಲೇ ಬರುವವರು. ಅಧ್ಯಕ್ಷರು ಎರಡು ಅವಧಿಗೆ ಆಯ್ಕೆಯಾದರೂ 8 ವರ್ಷಗಳಲ್ಲಿ ನಿರ್ಗಮಿಸುತ್ತಾರೆ. ಅವರು ನೇಮಿಸಿದ ನ್ಯಾಯಾಧೀಶರಾದರೋ ಮೂರು ದಶಕಗಳ ಕಾಲ ತೀರ್ಪು ಬರೆಯುತ್ತಿರುತ್ತಾರೆ. ರೊನಾಲ್ಡ್ ರೇಗನ್ ಅಧಿಕಾರ ಬಿಟ್ಟದ್ದು 1989ರಲ್ಲಿ, ನಿಧನರಾದದ್ದು 2004ರಲ್ಲಿ. ಅವರು 1986ರಲ್ಲಿ ನೇಮಿಸಿದ ಆಂಟನಿನ್ ಸ್ಕಾಲಿಯಾ 2016ರ ಫೆಬ್ರವರಿಯವರೆಗೂ ನ್ಯಾಯಪೀಠದಲ್ಲಿದ್ದರು. ಅಂದರೆ ರೇಗನ್‌ಗೆ ಬಿದ್ದ ಮತವು ಅವರ ಮರಣಾನಂತರವೂ ಕೆಲಸ ಮಾಡುತ್ತಲೇ ಇತ್ತು.

ಸ್ಕಾಲಿಯಾ ನಿಧನರಾದಾಗ ಬರಾಕ್ ಒಬಾಮಾ ಅಧ್ಯಕ್ಷರಾಗಿದ್ದರು. ಅವರು ಮಾರ್ಚ್ 16ರಂದು ಮೆರಿಕ್ ಗಾರ್ಲೆಂಡ್‌ರ ಹೆಸರು ಸೂಚಿಸಿದರು. ಆದರೆ ಸೆನೆಟಿನಲ್ಲಿ ಬಹುಮತ ರಿಪಬ್ಲಿಕನ್ನರದಾಗಿತ್ತು. ಅವರ ನಾಯಕ ಮಿಚ್ ಮೆಕಾನೆಲ್, ಇದು ಚುನಾವಣಾ ವರ್ಷ, ಜನರೇ ನಿರ್ಧರಿಸಲಿ ಎಂದು ಹೇಳಿ ವಿಚಾರಣೆಯನ್ನೇ ನಡೆಸಲಿಲ್ಲ. 293 ದಿನ ಕಾದು ಆ ಸೂಚನೆ ರದ್ದಾಯಿತು. ಇತ್ತ ಡೊನಾಲ್ಡ್ ಟ್ರಂಪ್, ತಾನು ಗೆದ್ದರೆ ಯಾರನ್ನು ನ್ಯಾಯಾಧೀಶರನ್ನಾಗಿ ಮಾಡುವೆನೆಂದು ಮೇ ತಿಂಗಳಲ್ಲಿ 11 ಹೆಸರುಗಳ ಪಟ್ಟಿಯನ್ನೂ ಸೆಪ್ಟೆಂಬರಿನಲ್ಲಿ ಇನ್ನೂ 10 ಹೆಸರುಗಳನ್ನೂ ಪ್ರಕಟಿಸಿದರು. ಅವರ ಖಾಸಗಿ ಬದುಕು ಮತ್ತು ಮಾತುಗಳ ಬಗ್ಗೆ ಮುಜುಗರವಿದ್ದ ಧರ್ಮನಿಷ್ಠ ಕ್ರೈಸ್ತ ಮತದಾರರಿಗೆ ಈ ಪಟ್ಟಿಯೇ ಸಾಕಾಯಿತು. ಅಭ್ಯರ್ಥಿಯನ್ನಲ್ಲ, ನ್ಯಾಯಪೀಠವನ್ನು ನೋಡಿ ಮತ ಹಾಕುತ್ತೇವೆ ಎಂಬುದು ಅವರ ಸಮಾಧಾನವಾಗಿತ್ತು.

ಮತಗಟ್ಟೆ ಸಮೀಕ್ಷೆಗಳು ಇದನ್ನೇ ಹೇಳಿದವು. ಸುಪ್ರೀಮ್ ಕೋರ್ಟಿನ ನೇಮಕಾತಿಯೇ ನಮಗೆ ಎಲ್ಲಕ್ಕಿಂತ ಮುಖ್ಯ ಎಂದವರು ಶೇ. 21 ಮಂದಿ. ಅವರಲ್ಲಿ ಟ್ರಂಪ್‌ಗೆ ಶೇ. 56, ಹಿಲರಿ ಕ್ಲಿಂಟನ್‌ಗೆ ಶೇ. 41. ವಿಪರ್ಯಾಸವೆಂದರೆ ಅನ್ಯಾಯವಾಗಿದ್ದು ಡೆಮಾಕ್ರಟಿಕ್ ಪಕ್ಷಕ್ಕೆ, ಅದರ ಅಧ್ಯಕ್ಷರ ಹಕ್ಕನ್ನು ಕಸಿಯಲಾಗಿತ್ತು. ಆದರೂ ಖಾಲಿ ಕುರ್ಚಿಯನ್ನು ಹೆಚ್ಚು ಗಂಭೀರವಾಗಿ ಪರಿಗಣಿಸಿದ್ದು ಎದುರು ಪಾಳಯ. ಆ ಚುನಾವಣೆಯಲ್ಲಿ ಮತದಾನದ ಅರ್ಹತೆಯುಳ್ಳ ಹತ್ತರಲ್ಲಿ ನಾಲ್ವರು ಮತ ಹಾಕಲಿಲ್ಲ. ಕರಿಯ ಜನಾಂಗದ ಮತದಾನ ಪ್ರಮಾಣ 2012ರ ಶೇ. 66ಕ್ಕಿಂತ ಹೆಚ್ಚಿನ ಮಟ್ಟದಿಂದ ಶೇ. 60ಕ್ಕಿಂತ ಕೆಳಗಿಳಿಯಿತು. ಅರಬ್ ಮತ್ತು ಮುಸ್ಲಿಮ್ ಜನಸಂಖ್ಯೆ ಗಮನಾರ್ಹವಾಗಿರುವ ಮಿಷಿಗನ್ ರಾಜ್ಯವನ್ನು ಟ್ರಂಪ್ ಗೆದ್ದದ್ದು ಕೇವಲ 10,704 ಮತಗಳಿಂದ. ಅದೇ ರಾಜ್ಯದ ಡೆಟ್ರಾಯಿಟ್ ನಗರವಿರುವ ವೇಯ್ನ್ ಕೌಂಟಿಯಲ್ಲಿ ಒಬಾಮಾ 2012ರಲ್ಲಿ ಪಡೆದುದಕ್ಕಿಂತ ಕ್ಲಿಂಟನ್‌ಗೆ 75 ಸಾವಿರಕ್ಕೂ ಹೆಚ್ಚು ಮತಗಳು ಕಡಿಮೆ ಬಿದ್ದವು. ಇದಕ್ಕೆ ಕಾರಣಗಳು ಹಲವು. ಆದರೆ ಮನೆಯಲ್ಲಿ ಉಳಿದವರನ್ನು ಆ ಖಾಲಿ ಕುರ್ಚಿ ಎಬ್ಬಿಸಿ ಕರೆತರಲಿಲ್ಲ ಎಂಬುದಂತೂ ಸ್ಪಷ್ಟ.

ಮುಂದೆ ಆದದ್ದೇನು? ಟ್ರಂಪ್ ಅಧಿಕಾರಕ್ಕೆ ಬಂದ ಒಂದೇ ವಾರದಲ್ಲಿ, 2017ರ ಜನವರಿ 27ರಂದು, ಮುಸ್ಲಿಮ್ ಬಾಹುಳ್ಯದ 7 ದೇಶಗಳ ಪ್ರಜೆಗಳಿಗೆ ಪ್ರವೇಶ ನಿಷೇಧಿಸಿದರು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಿಲುಕಿಕೊಂಡರು. ಕೆಳಗಿನ ನ್ಯಾಯಾಲಯಗಳು ತಡೆ ನೀಡಿದವು, ಆದೇಶವನ್ನು ಎರಡು ಬಾರಿ ತಿದ್ದಿ ಬರೆಯಲಾಯಿತು. ಅಷ್ಟರಲ್ಲಿ, 2017ರ ಏಪ್ರಿಲ್‌ನಲ್ಲಿ, ಸ್ಕಾಲಿಯಾರ ಸ್ಥಾನಕ್ಕೆ ಟ್ರಂಪ್ ಸೂಚಿಸಿದ ನೀಲ್ ಗೋರ್ಸಚ್ ಬಂದಿದ್ದರು. 2018ರ ಜೂನ್ 26ರಂದು ಸುಪ್ರೀಮ್ ಕೋರ್ಟು ತಿದ್ದಿದ ನಿಷೇಧವನ್ನು ಎತ್ತಿಹಿಡಿಯಿತು. ಪರವಾಗಿ 5, ವಿರುದ್ಧ 4. ಆ ಐವರಲ್ಲಿ ಗೋರ್ಸಚ್ ಒಬ್ಬರು. ಅದೇ ಕುರ್ಚಿಯಲ್ಲಿ ಒಬಾಮಾ ಸೂಚಿಸಿದವರು ಕುಳಿತಿದ್ದರೆ ತೀರ್ಪು ಬೇರೆಯಾಗುವ ಸಾಧ್ಯತೆ ಇತ್ತು. ಯೆಮನ್, ಸಿರಿಯಾ, ಸೊಮಾಲಿಯಾ, ಇರಾನ್, ಲಿಬಿಯಾಗಳ ಎಷ್ಟೋ ಕುಟುಂಬಗಳಲ್ಲಿ ಗಂಡ ಒಂದು ದೇಶದಲ್ಲಿ, ಹೆಂಡತಿ-ಮಕ್ಕಳು ಇನ್ನೊಂದು ದೇಶದಲ್ಲಿ ಉಳಿಯುವಂತಾಯಿತು. ಜೋ ಬೈಡನ್ 2021ರ ಜನವರಿ 20ರಂದು ಆ ಆದೇಶವನ್ನು ಹಿಂತೆಗೆದರು. ಆದರೆ ತೀರ್ಪು ಹಾಗೆಯೇ ಉಳಿಯಿತು. 2025ರ ಜೂನ್‌ನಲ್ಲಿ ಟ್ರಂಪ್ ಪುನಃ 12 ದೇಶಗಳಿಗೆ ಪ್ರವೇಶ ನಿಷೇಧ ಘೋಷಿಸಿದಾಗ, ಅದಕ್ಕೆ ಬೇಕಾದ ಕಾನೂನಿನ ಬಾಗಿಲನ್ನು 2018ರಲ್ಲೇ ತೆರೆದಿಡಲಾಗಿತ್ತು.

ನಿಷೇಧದ ತೀರ್ಪು ಬಂದ ಮರುದಿನವೇ ನ್ಯಾಯಾಧೀಶ ಆಂಟನಿ ಕೆನಡಿ ನಿವೃತ್ತಿ ಘೋಷಿಸಿದರು. ಅವರ ಸ್ಥಾನಕ್ಕೆ ಬ್ರೆಟ್ ಕವನಾ ಹೆಸರು ಬಂತು, ಅವರ ಮೇಲೆ ಗಂಭೀರ ಆರೋಪ ಬಂತು, ದೇಶವೇ ಎರಡಾಯಿತು. ಅಕ್ಟೋಬರ್ 6ರಂದು 50-48ರ ಅಂತರದಿಂದ ನೇಮಕ ಊರ್ಜಿತವಾಯಿತು. ಒಂದು ತಿಂಗಳ ಬಳಿಕ ನಡೆದ ಮಧ್ಯಾವಧಿ ಚುನಾವಣೆಯಲ್ಲಿ ಅರ್ಹರ ಪೈಕಿ ಸುಮಾರು ಶೇ. 50 ಮಂದಿ ಮತ ಹಾಕಿದರು. 2014ರ ಮಧ್ಯಾವಧಿಯಲ್ಲಿ ಅದು ಶೇ. 37ರಷ್ಟೂ ಇರಲಿಲ್ಲ. ಈ ಏರಿಕೆಯನ್ನು ಒಂದು ನೇಮಕಾತಿಯ ತಲೆಗೆ ಕಟ್ಟಲಾಗದು, ಟ್ರಂಪ್ ಆಡಳಿತದ ಮೇಲಿನ ಸಿಟ್ಟೂ ಅಭಿಮಾನವೂ ಅದರಲ್ಲಿ ಬೆರೆತಿದ್ದವು. ಆದರೆ ವಿವಾದ ಎರಡೂ ಕಡೆಯವರನ್ನು ಕೆರಳಿಸಿತ್ತು. ಕೆಳಮನೆಯನ್ನು ಡೆಮಾಕ್ರಟರು ಗೆದ್ದರು. ಸೆನೆಟಿನಲ್ಲಿ ಮಾತ್ರ ಕವನಾ ವಿರುದ್ಧ ಮತ ಹಾಕಿದ್ದ ಅವರ ನಾಲ್ವರು ಸದಸ್ಯರು ಇಂಡಿಯಾನಾ, ಮಿಸ್ಸೌರಿ, ನಾರ್ತ್ ಡಕೋಟಾ ಮತ್ತು ಫ್ಲೋರಿಡಾಗಳಲ್ಲಿ ಸೋತರು. ಪರವಾಗಿ ಮತ ಹಾಕಿದ ಏಕೈಕ ಡೆಮಾಕ್ರಟ್ ಜೋ ಮಾಂಚಿನ್ ಗೆದ್ದರು. ಮೊಂಟಾನಾದ ಜಾನ್ ಟೆಸ್ಟರ್ ವಿರೋಧಿಸಿಯೂ ಗೆದ್ದರು. ಒಂದೇ ಕುರ್ಚಿ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯ ಜನರನ್ನು ಎಬ್ಬಿಸುತ್ತದೆ.

2020ರ ಸೆಪ್ಟೆಂಬರ್ 18ರಂದು, ಚುನಾವಣೆಗೆ ಆರೇಳು ವಾರಗಳಿದ್ದಾಗ, ರುತ್ ಬೇಡರ್ ಗಿನ್ಸ್‌ಬರ್ಗ್ ನಿಧನರಾದರು. ಕೇವಲ 28 ಗಂಟೆಗಳಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ 9 ಕೋಟಿ ಡಾಲರಿಗೂ ಹೆಚ್ಚು ದೇಣಿಗೆ ಹರಿದುಬಂತು. ಚುನಾವಣಾ ವರ್ಷದಲ್ಲಿ ನೇಮಕ ಬೇಡವೆಂದಿದ್ದ ಅದೇ ಮೆಕಾನೆಲ್, ಈ ಬಾರಿ ಮತದಾನಕ್ಕೆ 8 ದಿನ ಇರುವಾಗ ಏಮಿ ಕೋನಿ ಬ್ಯಾರೆಟ್‌ರ ನೇಮಕ ಮುಗಿಸಿದರು. ಆ ವರ್ಷದ ಮತದಾನ ಪ್ರಮಾಣ ಶೇ. 66ನ್ನು ದಾಟಿತು. ಒಂದು ಶತಮಾನದಲ್ಲೇ ಅತ್ಯಧಿಕ. ಟ್ರಂಪ್ ಕುರ್ಚಿ ತುಂಬಿಸಿದರು, ಚುನಾವಣೆ ಸೋತರು. ಆದರೆ ಸೋತವರ ನ್ಯಾಯಾಧೀಶರು ಉಳಿದರು. ಆ ಮೂವರ ಬಲದಿಂದಲೇ 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಕುರಿತ 1973ರ ತೀರ್ಪನ್ನು ರದ್ದುಪಡಿಸಲಾಯಿತು.

ಗರ್ಭಪಾತದ ಬಗ್ಗೆ ನಮ್ಮ ನಿಲುವು ಏನೇ ಇರಲಿ, ಇಲ್ಲಿ ಗಮನಿಸಬೇಕಾದುದು ಮತದಾರನ ವರ್ತನೆಯನ್ನು. ಆ ತೀರ್ಪಿನ ಆರು ವಾರಗಳೊಳಗೆ, ಸಂಪ್ರದಾಯವಾದಿಗಳ ಕೋಟೆಯೆನಿಸಿದ ಕಾನ್ಸಾಸ್‌ನಲ್ಲಿ ನಡೆದ ಜನಮತಗಣನೆಗೆ ಜನ ಸಾಲುಗಟ್ಟಿ ಬಂದರು. ಗರ್ಭಪಾತದ ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ಸುಮಾರು ಶೇ. 59 ಮಂದಿ ತಿರಸ್ಕರಿಸಿದರು. ನ್ಯಾಯಾಧೀಶರನ್ನು ನೇರವಾಗಿ ಜನರೇ ಆರಿಸುವ ವಿಸ್ಕಾನ್ಸಿನ್ ರಾಜ್ಯದಲ್ಲಿ, ನಿವೃತ್ತಿಯಿಂದ ತೆರವಾದ ಒಂದು ಸ್ಥಾನಕ್ಕೆ 2025ರ ಏಪ್ರಿಲ್‌ನಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಮತ ಹಾಕಿ ದಾಖಲೆ ನಿರ್ಮಿಸಿದರು. ಎಚ್ಚರ ಬಂದದ್ದು ನಿಜ. ಆದರೆ ಕಳೆದುಕೊಂಡ ಮೇಲೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ನ್ಯಾಯಾಧೀಶರ ನೇಮಕ ಚುನಾವಣೆಯ ಸರಕಾಗುವುದು ಆರೋಗ್ಯಕರವೇ ಎಂಬ ಪ್ರಶ್ನೆ ಸಹಜ. ಖಂಡಿತ ಅಲ್ಲ. ಪಕ್ಷದ ಪಟ್ಟಿಯಿಂದ ಬಂದವರ ತೀರ್ಪನ್ನು ಜನರು ತೀರ್ಪೆಂದು ನಂಬುವುದು ಕಷ್ಟ. ಭಾರತದಲ್ಲಿ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರು 65ರಲ್ಲಿ, ಹೈಕೋರ್ಟಿನವರು 62ರಲ್ಲಿ ನಿವೃತ್ತರಾಗುತ್ತಾರೆ, ಹೆಸರುಗಳನ್ನು ಹಿರಿಯ ನ್ಯಾಯಾಧೀಶರ ಕೊಲಿಜಿಯಂ ಸೂಚಿಸುತ್ತದೆ. ಆದ್ದರಿಂದ ಇಲ್ಲಿ ಖಾಲಿ ಕುರ್ಚಿ ಯಾರನ್ನೂ ಮತಗಟ್ಟೆಗೆ ಕರೆತರುವುದಿಲ್ಲ. ಹಾಗೆಂದು ನಮ್ಮ ಮತಕ್ಕೂ ನ್ಯಾಯಪೀಠಕ್ಕೂ ನಂಟೇ ಇಲ್ಲವೆನ್ನುವಂತಿಲ್ಲ. ಕೊಲಿಜಿಯಂ ಕಳಿಸಿದ ಕಡತ ಹೋಗುವುದು ಚುನಾಯಿತ ಸರಕಾರದ ಮೇಜಿಗೆ. ನೇಮಕಾತಿಯ ವಿಧಾನವನ್ನೇ ಬದಲಿಸುವ ಕಾನೂನನ್ನು 2014ರಲ್ಲಿ ಮಾಡಿದ್ದು ಚುನಾಯಿತ ಸಂಸತ್ತು. 2015ರಲ್ಲಿ ಅದನ್ನು ರದ್ದುಪಡಿಸಿದ್ದು ಸುಪ್ರೀಮ್ ಕೋರ್ಟು. ಪೀಠದಲ್ಲಿ ಯಾರಿದ್ದಾರೆ ಎಂಬುದು ಎಷ್ಟು ಮುಖ್ಯವೆಂಬುದನ್ನು ಕರ್ನಾಟಕದ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. 2022ರ ಅಕ್ಟೋಬರ್ 13ರಂದು ಹಿಜಾಬ್ ಪ್ರಕರಣದಲ್ಲಿ ಅದೇ ಸಂವಿಧಾನ, ಅದೇ ಕಡತ ಓದಿದ ಇಬ್ಬರು ನ್ಯಾಯಾಧೀಶರು ಪರಸ್ಪರ ವಿರುದ್ಧವಾದ ಎರಡು ತೀರ್ಪು ಬರೆದರು.

ಆದ್ದರಿಂದ ಅಮೆರಿಕದ ಅನುಭವದಿಂದ ನಾವು ಪಡೆಯಬೇಕಾದದ್ದು ಅಲ್ಲಿನ ವಿಧಾನವನ್ನಲ್ಲ, ಅಲ್ಲಿ ಒಂದು ವರ್ಗ ತೋರಿದ ದೂರದೃಷ್ಟಿಯನ್ನು. ಅಭ್ಯರ್ಥಿ ಇಷ್ಟವಾಗಲಿಲ್ಲ, ಬಿಸಿಲು ಜೋರಾಗಿತ್ತು, ನನ್ನ ಒಂದು ಮತದಿಂದ ಏನಾಗುತ್ತದೆ ಎಂದು ಮನೆಯಲ್ಲಿ ಉಳಿಯುವವರು ಐದು ವರ್ಷದ ಲೆಕ್ಕವನ್ನಷ್ಟೇ ಹಾಕುತ್ತಾರೆ. ಅಂದು ಗೆದ್ದವರು ಮಾಡುವ ಕಾನೂನು, ನೇಮಕ ಮತ್ತು ನೀತಿಗಳು ಮಕ್ಕಳ ಕಾಲದವರೆಗೂ ಉಳಿಯುತ್ತವೆ. ಮತದಾರರ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರೂ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಸೇರಿಸುವುದು, ಆ ದಿನ ಹೊಸ್ತಿಲು ದಾಟುವುದು ಚಿಕ್ಕ ಕೆಲಸಗಳಂತೆ ಕಂಡರೂ ಅವುಗಳ ಫಲ ದೀರ್ಘವಾದದ್ದು. ಮಿಷಿಗನ್‌ನ 10,704 ಎಂಬ ಸಂಖ್ಯೆ ನಮ್ಮ ನೆನಪಿನಲ್ಲಿರಲಿ. ನಮ್ಮ ಅನೇಕ ಪಟ್ಟಣಗಳ ಕೆಲವೇ ವಾರ್ಡುಗಳಲ್ಲಿ ಅದಕ್ಕಿಂತ ಹೆಚ್ಚು ಮತದಾರರಿದ್ದಾರೆ.