ಎದೆಯ ಮಾತಿಗೇಕೆ ಅಂಜಿಕೆ?

ವಚನ ಗಾಯನವಿಲ್ಲದೆ ನಮ್ಮ ಸಾಹಿತ್ಯ ಸಮಾರಂಭಗಳು ಆರಂಭವಾಗುವುದು ಅಪರೂಪ. ಆದ್ಯ ವಚನಕಾರನೆಂದು ನಾವು ಗೌರವಿಸುವ ಜೇಡರ ದಾಸಿಮಯ್ಯ ಹೆಣ್ಣು ಗಂಡೆಂಬ ಭೇದವನ್ನು ಪ್ರಶ್ನಿಸುವಾಗ ‘ಮೊಲೆ’ ಎಂಬ ಅಚ್ಚಗನ್ನಡ ಪದವನ್ನು ಯಾವ ಅಳುಕೂ ಇಲ್ಲದೆ ಬಳಸಿದ. ಆ ವಚನಕ್ಕೆ ನಾವೆಲ್ಲ ತಲೆದೂಗುತ್ತೇವೆ. ಆದರೆ ಕೆಲವು ವರ್ಷಗಳ ಹಿಂದೆ ಗೋವೆಯ ಒಂದು ಕನ್ನಡ ಕೂಟದಲ್ಲಿ, ತರುಣಿಯರಿಗಾಗಿ ಸ್ತನದ ಆರೋಗ್ಯ ಕುರಿತು ಉಪನ್ಯಾಸವೊಂದನ್ನು ಏರ್ಪಡಿಸೋಣವೆಂದು ನಾನು ಸೂಚಿಸಿದಾಗ ಹಿರಿಯರೊಬ್ಬರು, “ಆಮಂತ್ರಣದಲ್ಲಿ ಆ ಶಬ್ದ ಬೇಡಮ್ಮ, ಮಹಿಳಾ ಆರೋಗ್ಯ ಎಂದಿರಲಿ, ಮನೆಮಂದಿಯೆಲ್ಲ ಓದುತ್ತಾರೆ” ಎಂದರು. ಹಾಗೆಯೇ ಅಚ್ಚಾಯಿತು. ಬಂದ ಹುಡುಗಿಯರು ರಕ್ತಹೀನತೆಯ ಬಗ್ಗೆ, ಸೊಪ್ಪು ತರಕಾರಿಗಳ ಬಗ್ಗೆ ಕೇಳಿಕೊಂಡು ಮನೆಗೆ ಹೋದರು.

ಇದನ್ನು ಸಭ್ಯತೆಯೆಂದು ಕರೆಯುವವರೊಡನೆ ನನ್ನ ಜಗಳವಿದೆ. 2022ರ ಜಾಗತಿಕ ಅಂದಾಜಿನಂತೆ, ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,92,000 ಮಹಿಳೆಯರು ಹೊಸದಾಗಿ ಸ್ತನ ಕ್ಯಾನ್ಸರಿಗೆ ತುತ್ತಾದರು. ಸುಮಾರು 98,000 ಮಂದಿ ಅದರಿಂದ ತೀರಿಕೊಂಡರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನವರ ಪೈಕಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಬಡತನ, ದೂರ, ಬಿಡುವಿಲ್ಲದ ದುಡಿಮೆ, ಇವೆಲ್ಲ ಕಾರಣಗಳೇ. ಆದರೆ ಅಂಗದ ಹೆಸರನ್ನೇ ಬಾಯಿಬಿಟ್ಟು ಹೇಳಲಾಗದವಳು ಅದರ ಬಾಧೆಯನ್ನು ಹೇಳುವುದಾದರೂ ಹೇಗೆ?

ನನಗೆ ಗೊತ್ತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಗಂಟೊಂದು ಕೈಗೆ ತಗುಲಿತು. ಮನೆಯಲ್ಲಿ ಆಗ ಸಂಬಂಧದ ಮಾತು ನಡೆದಿತ್ತು. ಗಂಡಿನ ಕಡೆಯವರಿಗೆ ಗೊತ್ತಾದರೆ ಏನಾದೀತೆಂದು ಏಳು ತಿಂಗಳು ಅವ್ವನಿಗೂ ಹೇಳಲಿಲ್ಲ. ಕೊನೆಗೆ ಪರೀಕ್ಷಿಸಿದಾಗ ಅದು ಫೈಬ್ರೋಅಡಿನೋಮಾ, ಅಂದರೆ ಕ್ಯಾನ್ಸರಲ್ಲದ ಗಡ್ಡೆ. ಇಪ್ಪತ್ತರ ಆಸುಪಾಸಿನಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಇಂಥವೇ. ಈ ಒಂದು ವಾಕ್ಯವನ್ನು ಯಾರಾದರೂ ಅವಳಿಗೆ ಮೊದಲೇ ಹೇಳಿದ್ದರೆ ಅಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

“ಎಳೆಯ ಮಕ್ಕಳನ್ನು ಹೆದರಿಸಬೇಡಿ” ಎಂಬ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಅಕ್ಟೋಬರ್ ಬಂದೊಡನೆ ಗುಲಾಬಿ ಪಟ್ಟಿ ಕಟ್ಟಿ, ಸಾವಿನ ಲೆಕ್ಕ ಓದಿ, ಫೋಟೋ ತೆಗೆಸಿಕೊಂಡು ಹೊರಡುವ ಶಿಬಿರಗಳು ಹೆದರಿಸುವುದು ನಿಜ. ಹದಿನೆಂಟರ ಹುಡುಗಿಗೆ ಬೇಕಾದದ್ದು ಬೇರೆ. ಎರಡು ಸ್ತನಗಳು ಒಂದೇ ಅಳತೆಯಲ್ಲಿರದಿರುವುದು ಸಹಜ. ಮುಟ್ಟಿನ ಮುಂಚಿನ ದಿನಗಳಲ್ಲಿ ಬಿಗಿತ, ನೋವು ಬರುವುದೂ ಸಹಜ. ತನ್ನ ದೇಹದ ಸಹಜಸ್ಥಿತಿಯನ್ನು ಅವಳು ಬಲ್ಲವಳಾದರೆ ಹೊಸ ಬದಲಾವಣೆ ಅವಳ ಗಮನಕ್ಕೆ ತಾನಾಗಿ ಬರುತ್ತದೆ: ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮದಲ್ಲಿ ಗುಳಿ, ಒಳಸರಿದ ತೊಟ್ಟು, ಅದರಿಂದ ರಕ್ತದ ಸ್ರಾವ. ಕ್ಯಾನ್ಸರಿನ ಗಂಟು ಬಹಳ ಸಲ ನೋಯುವುದೇ ಇಲ್ಲವೆಂಬುದನ್ನೂ ಹೇಳಬೇಕು, ಏಕೆಂದರೆ “ನೋವಿಲ್ಲವಲ್ಲ, ಬಿಡು” ಎಂಬುದು ನಮ್ಮ ಮನೆಗಳ ಹಳೆಯ ಔಷಧ. ಯಾವ ಗಂಟು ಎಂಥದೆಂದು ನಿರ್ಧರಿಸುವುದು ವೈದ್ಯರ ಕೆಲಸ. ಅದಕ್ಕೆ ಎಳೆಯ ವಯಸ್ಸಿನಲ್ಲಿ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸಾಕಾಗುತ್ತದೆ. ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೋಗ್ರಾಂ ಆಗ ಅಷ್ಟು ಸ್ಪಷ್ಟವಾಗಿ ಕಾಣಿಸದು. ಇದರಲ್ಲಿ ಹೆದರಿಸುವ ಮಾತು ಯಾವುದಿದೆ?

ಹೀಗೆ ಕಲಿತ ಮಗಳು ಅವ್ವನನ್ನೂ ಅತ್ತಿಗೆಯನ್ನೂ ತಪಾಸಣೆಗೆ ಕರೆದೊಯ್ಯುತ್ತಾಳೆ. ಅಪಾಯ ಹೆಚ್ಚಿರುವುದು ಅವರಿಗೇ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು 1998ರಿಂದ 20 ವರ್ಷ, ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ಅಧ್ಯಯನ ನಡೆಸಿದರು. ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು.

ಗೋವೆಯಲ್ಲಿ ಸೌಲಭ್ಯವಿಲ್ಲವೆಂದು ದೂರುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಸರ್ಕಾರವು ಯುವರಾಜ್ ಸಿಂಗ್ ಅವರ ಯುವಿಕ್ಯಾನ್ ಪ್ರತಿಷ್ಠಾನದೊಡನೆ ‘ಸ್ವಸ್ಥ ಮಹಿಳಾ, ಸ್ವಸ್ಥ ಗೋವಾ’ ಯೋಜನೆ ಆರಂಭಿಸಿತು. ಕೈಯಲ್ಲಿ ಹಿಡಿಯುವ ಉಪಕರಣದಿಂದ ಲಕ್ಷ ಮಹಿಳೆಯರ ತಪಾಸಣೆ ಅದರ ಗುರಿಯಾಗಿತ್ತು. ಮುಂದಿನ ಚಿಕಿತ್ಸೆಗೆ ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿದೆ. ಆದರೆ ವಿಜಯಪುರ, ಬಾಗಲಕೋಟೆ, ಗದಗ ಕಡೆಗಳಿಂದ ದುಡಿಯಲು ಬಂದು ಬೈನಾ, ಝುವಾರಿನಗರಗಳಲ್ಲಿ ನೆಲೆಸಿದ ನಮ್ಮ ಅಕ್ಕತಂಗಿಯರು, ಕನ್ನಡದಲ್ಲೇ ಹೇಳಲು ನಾಚುವ ಮಾತನ್ನು ಕೊಂಕಣಿಯಲ್ಲೋ ಮರಾಠಿಯಲ್ಲೋ ಹೇಳಬೇಕು. ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿದೆ. ಅದನ್ನು ತಗ್ಗಿಸುವುದು ಕನ್ನಡ ಸಂಘದ ಕೆಲಸವಲ್ಲವೆಂದರೆ ಮತ್ತೆ ಯಾರ ಕೆಲಸ?

“ಇದು ಸಾಹಿತ್ಯ ಸಂಘ, ಆಸ್ಪತ್ರೆಯಲ್ಲ” ಎನ್ನುವವರೂ ಇದ್ದಾರೆ. ಭಾಷೆಯನ್ನು ಉಳಿಸುವುದೆಂದರೆ ನವೆಂಬರಿನಲ್ಲಿ ಬಾವುಟ ಹಾರಿಸುವುದಷ್ಟೇ ಆಗಿದ್ದರೆ ಅವರ ಮಾತು ಸರಿ. ನಾನು ಕೇಳುವುದು ಹೆಚ್ಚೇನಲ್ಲ. ಮುಂದಿನ ಮಹಿಳಾ ಗೋಷ್ಠಿಯಲ್ಲಿ ಕನ್ನಡ ಬಲ್ಲ ವೈದ್ಯೆಯೊಬ್ಬರಿಗೆ ಒಂದು ಗಂಟೆ ಕೊಡಿ, ಹುಡುಗಿಯರು ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆದು ಕೊಡಲಿ. ಒಂದು ಪುಟದ ಕನ್ನಡ ಕರಪತ್ರವನ್ನು ಅಚ್ಚು ಹಾಕಿಸಿ, ವೈದ್ಯರಿಗೆ ತೋರಿಸಿ ತಿದ್ದಿಸಿ, ಮನೆಮನೆಗೆ ಮುಟ್ಟಿಸೋಣ. ತಂದೆಯಂದಿರು ಹೊರಗೆ ಚಹಾ ಕುಡಿಯುತ್ತ ನಿಲ್ಲದೆ ಒಳಗೆ ಬಂದು ಕುಳಿತುಕೊಳ್ಳಲಿ.

ಆಮಂತ್ರಣ ಪತ್ರಿಕೆಯ ಕರಡು ತಿದ್ದುವ ಕೆಲಸವನ್ನು ಈ ಸಲ ನನಗೇ ಕೊಡಿ.