ಸಂಗೀತದ ಗಂಟೆಯು ವ್ಯರ್ಥವೇ?

ಪರೀಕ್ಷೆಯು ಸಮೀಪಿಸಿತೆಂದರೆ ನಮ್ಮ ಅನೇಕ ಪಾಠಶಾಲೆಗಳಲ್ಲಿ ಒಂದು ಮಾರ್ಪಾಡು ನಡೆಯುವುದುಂಟು. ವೇಳಾಪಟ್ಟಿಯಿಂದ ಮೊಟ್ಟಮೊದಲು ಮಾಯವಾಗುವುದು ಸಂಗೀತದ ಗಂಟೆ. ಅದರ ಬೆನ್ನಿಗೇ ಚಿತ್ರಲೇಖನದ ಗಂಟೆ. ಎರಡೂ ಗಣಿತಕ್ಕೋ ವಿಜ್ಞಾನಕ್ಕೋ ದಾನವಾಗುತ್ತವೆ. ತಂದೆತಾಯಿಗಳು ಇದನ್ನು ಆಕ್ಷೇಪಿಸುವುದಿಲ್ಲ. ಹಲವರು ತಾವಾಗಿಯೇ ಬಂದು ಬೇಡುವರು. ಹಾಡಿನಿಂದ ಹೊಟ್ಟೆ ತುಂಬೀತೇ ಎಂಬುದು ಅವರ ಪ್ರಶ್ನೆ. ಕಷ್ಟದಿಂದ ಶುಲ್ಕ ಹೊಂದಿಸುವವರ ಬಾಯಿಂದ ಬಂದ ಈ ಪ್ರಶ್ನೆಯನ್ನು ಹಗುರವೆಂದು ತಳ್ಳಿಬಿಡಲಾಗದು. ಆದರೂ ಈ ಪದ್ಧತಿಯು ತಪ್ಪೆಂದೇ ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿಯಾಗಿ ಕವಿ ರವೀಂದ್ರನಾಥ ಠಾಕೂರರ ಜೀವಿತವನ್ನೂ ವಿಚಾರವನ್ನೂ ವಾಚಕರ ಮುಂದಿಡುವೆನು.

ಕವಿಗಳು 1916ರಲ್ಲಿ ಅಮೆರಿಕಕ್ಕೆ ಹೋಗಿ ಕೆಲವು ಉಪನ್ಯಾಸಗಳನ್ನು ಮಾಡಿದರು. ಅವು ಮರುವರ್ಷ ‘ಪರ್ಸನಾಲಿಟಿ’ ಎಂಬ ಪುಸ್ತಕವಾಗಿ ಹೊರಬಂದುವು. ಕಲೆಯೆಂದರೇನು ಎಂಬುದನ್ನು ಅದರಲ್ಲಿ ಅವರು ವಿಚಾರಿಸಿದ್ದಾರೆ. ಅವರ ಭಾವವನ್ನು ಸಂಗ್ರಹಿಸಿ ಹೇಳುವುದಾದರೆ, ಮೃಗಪಕ್ಷಿಗಳ ಶಕ್ತಿಯು ಬಹುಮಟ್ಟಿಗೆ ಜೀವಧಾರಣೆಗೇ ವೆಚ್ಚವಾಗುತ್ತದೆ. ಮನುಷ್ಯನಲ್ಲಾದರೋ ಅವಶ್ಯಕತೆಯನ್ನು ಮೀರಿ ಉಕ್ಕುವ ಭಾವಸಂಪತ್ತು ಒಂದುಂಟು. ಆ ಉಕ್ಕಿನಿಂದಲೇ ಕಲೆಯು ಹುಟ್ಟುವುದು. ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಕೂಸಿನ ಹಸಿವಿಗೆ ಹಾಲೇ ಸಾಕು. ತಾಯಿಯು ಜೋಗುಳವನ್ನೇಕೆ ಹಾಡುವಳು? ಅಂಗಳವು ಗುಡಿಸಿ ಸಾರಿಸಿದ ಮಾತ್ರಕ್ಕೆ ಶುಚಿಯಾಯಿತು, ರಂಗವಲ್ಲಿಯನ್ನೇಕೆ ಬಿಡಿಸುವಳು?

ಕವಿಗಳು ಇದನ್ನು ನುಡಿದು ಸುಮ್ಮನಿರಲಿಲ್ಲ. ಅವರು 1901ರಲ್ಲಿ ಶಾಂತಿನಿಕೇತನದ ಪಾಠಶಾಲೆಯನ್ನು ತೆರೆದರು. ಅಲ್ಲಿ ಹಾಡು ದಿನಚರಿಯ ಅಂಗವೇ ಆಯಿತು. ಅವರು ರಚಿಸಿದ ಗೀತಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಸಸಿ ನೆಡುವ ಕೆಲಸವೂ 1928ರಿಂದ ಅಲ್ಲಿ ಹಾಡು ಮೆರವಣಿಗೆಗಳ ಉತ್ಸವವಾಯಿತು. 1919ರಲ್ಲಿ ಸ್ಥಾಪಿತವಾದ ಕಲಾಭವನದಲ್ಲಿ ಬಂಗಾಳದ ಗೃಹಿಣಿಯರು ಅಕ್ಕಿಹಿಟ್ಟನ್ನು ಕಲಸಿ ನೆಲದ ಮೇಲೆ ಬರೆಯುವ ಆಲ್ಪನಾ ಎಂಬ ಚಿತ್ರಗಳಿಗೂ ಗೌರವದ ಸ್ಥಾನ ದೊರೆಯಿತು. ಅದು ನಮ್ಮ ರಂಗವಲ್ಲಿಯ ಸೋದರಿಯೇ ಸರಿ.

ವಿದ್ಯಾರ್ಥಿನಿಯರು ವಿಶೇಷವಾಗಿ ನೆನಪಿಡಬೇಕಾದ ಸಂಗತಿ ಮತ್ತೊಂದಿದೆ. ಕವಿಗಳು ಚಿತ್ರಲೇಖನವನ್ನು ಕ್ರಮವಾಗಿ ಅಭ್ಯಸಿಸಿದವರಲ್ಲ. ಪದ್ಯ ಬರೆಯುವಾಗ ಬೇಡವಾದ ಪದಗಳನ್ನು ಹೊಡೆದುಹಾಕುವುದು ಎಲ್ಲರಿಗೂ ಇದ್ದದ್ದೇ. ಆ ಹೊಡೆದ ಗೆರೆಗಳು ಪುಟದಲ್ಲಿ ಅನಾಥವಾಗಿ ಬಿದ್ದಿರುವುದನ್ನು ಅವರ ಕಣ್ಣು ಸಹಿಸಲಿಲ್ಲ. ಒಂದು ಗೆರೆಯನ್ನು ಇನ್ನೊಂದಕ್ಕೆ ಕೂಡಿಸಿದರು. ಹಕ್ಕಿಯಂಥದೋ ಮೃಗದಂಥದೋ ಒಂದು ಆಕಾರವು ಮೂಡಿತು. ಹೀಗೆ ತಪ್ಪುಗಳಿಂದ ಮೊದಲಾದ ಆ ವಿದ್ಯೆಯು ಬೆಳೆದು, 1930ರಲ್ಲಿ, ಅವರ 69ನೆಯ ವಯಸ್ಸಿನಲ್ಲಿ, ಪ್ಯಾರಿಸ್ ನಗರದಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಉಪಾಧ್ಯಾಯಿನಿಯರ ಕೆಂಪು ಶಾಯಿಯನ್ನು ಕಂಡು ಕಣ್ಣೀರಿಡುವ ಬಾಲಿಕೆಯು ಇದನ್ನು ಕೇಳಿ ಸಮಾಧಾನ ಹೊಂದಲಿ.

ಇಲ್ಲಿ ಒಬ್ಬರು ಎದ್ದು ಹೀಗೆನ್ನಬಹುದು: ಠಾಕೂರರು ಜಮೀನ್ದಾರರ ಮಕ್ಕಳು. ಅವರು 1883ರಲ್ಲಿ ನಮ್ಮ ಕಾರವಾರಕ್ಕೆ ಬಂದು, ನ್ಯಾಯಾಧೀಶರಾಗಿದ್ದ ಅಣ್ಣನವರ ಮನೆಯಲ್ಲಿ ತಂಗಿ, ಕಡಲ ದಂಡೆಯಲ್ಲಿ ನಾಟಕ ಬರೆಯುವಷ್ಟು ವಿರಾಮವಿದ್ದವರು. ನಾಳೆ ದುಡಿದು ತಮ್ಮತಂಗಿಯರನ್ನು ಸಾಕಬೇಕಾದ ಹುಡುಗಿಗೆ ಅವರ ಮೇಲ್ಪಂಕ್ತಿಯೇ?

ಮಾತು ನ್ಯಾಯವಾದುದು. ಆದರೆ ಕಲೆಯು ವಿರಾಮವಂತರ ಸೊತ್ತೆಂಬುದನ್ನು ನಾನು ಒಪ್ಪಲಾರೆನು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಅದರ ತ್ರಿಪದಿಗಳು ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ನಮ್ಮ ಹಳ್ಳಿಯ ಹೆಂಗಸರು ಹಾಡಿದಂಥವು. ಅವರಿಗೆಲ್ಲಿಯ ವಿರಾಮ? ಕೋಳಿ ಕೂಗುವ ಮೊದಲೇ ಎದ್ದು, ಕಲ್ಲಿನ ಗೂಟವನ್ನು ಹಿಡಿದ ಕೈಗಳವು. ನಾನು ಆ ದುಡಿಮೆಯನ್ನು ಹೊಗಳುವುದಿಲ್ಲ. ಹಿಟ್ಟಿನ ಗಿರಣಿಯು ಬಂದು ಅವರ ರಟ್ಟೆಗಳಿಗೆ ಉಪಕಾರವನ್ನೇ ಮಾಡಿತು. ಆದರೆ ಕಲ್ಲು ನಿಂತಾಗ ಅದರೊಂದಿಗೆ ಹಾಡೂ ನಿಂತುಹೋಯಿತು. ಇಂದು ನಮ್ಮ ಮನೆಗಳಲ್ಲಿ ಸಂಗೀತಕ್ಕೆ ಕೊರತೆಯಿಲ್ಲ. ಯಂತ್ರಗಳು ಹಗಲಿರುಳೂ ಹಾಡುತ್ತವೆ, ನಾವು ಕೇಳುತ್ತೇವೆ. ಅಜ್ಜಿಯು ಹಾಡುತ್ತಿದ್ದಳು, ಮೊಮ್ಮಗಳು ಕೇಳುತ್ತಾಳೆ. ಅನೇಕ ಬಾಲಿಕೆಯರಿಗೆ ತಮ್ಮ ಸ್ವಂತ ಕಂಠವನ್ನು ಬಿಚ್ಚಲು ಉಳಿದಿರುವ ಸ್ಥಳವು ಪಾಠಶಾಲೆಯ ಆ ಒಂದು ಗಂಟೆ ಮಾತ್ರ. ಅದನ್ನೂ ಕಿತ್ತುಕೊಂಡರೆ ಅವರು ಹಾಡುವುದೆಲ್ಲಿ?

ವ್ಯರ್ಥವೆಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಬೇಥಾನ್ಯದ ಆ ಮನೆಯು ನೆನಪಾಗುತ್ತದೆ. ಮರಿಯಳು ಬಹು ಬೆಲೆಯುಳ್ಳ ಜಟಾಮಾಂಸಿ ತೈಲವನ್ನು ಕರ್ತನ ಪಾದಗಳಿಗೆ ಹಚ್ಚಿದಳು. ಮನೆಯೆಲ್ಲ ಪರಿಮಳದಿಂದ ತುಂಬಿತು. ಅದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲವೇ ಎಂದು ಲೆಕ್ಕ ಕೇಳಿದವನು ಯೂದನು. ಲೆಕ್ಕವೇನೋ ತಪ್ಪಿರಲಿಲ್ಲ. ಆದರೆ ಬಡವರ ಮೇಲೆ ಎಲ್ಲರಿಗಿಂತಲೂ ಹೆಚ್ಚು ಕರುಣೆಯುಳ್ಳಾತನೇ ಮರಿಯಳ ಪಕ್ಷ ವಹಿಸಿದನು. ಅಗತ್ಯವನ್ನು ಮೀರಿ ಸುರಿದ ಪ್ರೀತಿಗೆ ಬೆಲೆ ಕಟ್ಟಲು ಹೊರಟವರು ಎರಡು ಸಾರಿ ಯೋಚಿಸಬೇಕೆಂಬುದೇ ಆ ಪ್ರಸಂಗದಿಂದ ನಾನು ಕಲಿತ ಪಾಠ.

ಆದುದರಿಂದ ಪಾಠಶಾಲೆಗಳನ್ನು ನಡೆಸುವ ಹಿರಿಯರಲ್ಲಿ ನನ್ನ ವಿನಂತಿಯಿಷ್ಟೇ. ಪರೀಕ್ಷೆಗೆ ಹೆಚ್ಚಿನ ವೇಳೆ ಬೇಕಾದರೆ ಬೇರೆಲ್ಲಿಂದಲಾದರೂ ತನ್ನಿರಿ. ವಾರದಲ್ಲಿ ಆ ಎರಡು ಗಂಟೆಗಳನ್ನು ಮುಟ್ಟಬೇಡಿರಿ. ಇಲ್ಲಿಂದ ಹೊರಡುವ ಸೋದರಿಯರೇ, ನಿಮ್ಮಲ್ಲಿ ಎಲ್ಲರೂ ಕವಿಗಳಾಗಲಾರಿರಿ, ಆಗಬೇಕಾದುದೂ ಇಲ್ಲ. ಆದರೆ ಕಚೇರಿಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಅಡಿಗೆಯ ಮನೆಯಲ್ಲಾಗಲಿ, ದುಡಿಯುವ ಕೈಗಳ ಸಂಗಡ ಹಾಡುವ ಕಂಠವೊಂದು ನಿಮಗುಂಟೆಂಬುದನ್ನು ಮರೆಯಬೇಡಿರಿ. ಅದನ್ನು ಕೊಟ್ಟಾತನು ಅದನ್ನು ಕೇಳಲು ಕಾದಿದ್ದಾನೆ.