ಸಾರು ತಿಂದವರಿಗಲ್ಲ, ಸೌತೆಕಾಯಿ ತಿಂದವಳಿಗೆ

ಮಲ್ಕಾಜ್‌ಗಿರಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೇ ಕೋಳಿ ಅಂಗಡಿಗಳ ಮುಂದೆ ಜನ. ಕಳೆದ ತಿಂಗಳು ಅಂಥದೊಂದು ಭಾನುವಾರ ನಮ್ಮ ಮನೆಯಲ್ಲೂ ಮುದ್ದೆ, ಕೋಳಿ ಸಾರು. ಖಾರವೆಂದು ಸಾರು ಮುಟ್ಟದ ನಾಲ್ಕು ವರ್ಷದ ಮಗಳು ಮೊಸರನ್ನದ ಜೊತೆ ಸೌತೆಕಾಯಿ ಹೋಳು ತಿಂದಳು. ಮಂಗಳವಾರ ಜ್ವರ, ಭೇದಿ ಶುರುವಾಗಿದ್ದು ಅವಳಿಗೆ ಮಾತ್ರ. ಕೋಳಿ ಹೆಚ್ಚಿದ ಮಣೆಯ ಮೇಲೇ ಸೌತೆಕಾಯಿ ಹೆಚ್ಚಿದ್ದಿರಾ ಎಂದು ಡಾಕ್ಟರು ಕೇಳಿದರು. ಹೌದು, ಹೆಚ್ಚಿದ್ದು ನಾನೇ. ಎರಡು ದಿನ ಓಆರ್‌ಎಸ್ ಕುಡಿದು ಚೇತರಿಸಿಕೊಂಡಳು. ಮಲ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅದೇ ಕಾರಣವೆಂದು ಸಾಧಿಸಲಾರೆ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ.

ನಾವು ಅಪಾಯವನ್ನು ತಪ್ಪು ಜಾಗದಲ್ಲಿ ಹುಡುಕುತ್ತೇವೆ. ಕೊತಕೊತ ಕುದಿದ ಸಾರಿನಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಬದುಕುವುದಿಲ್ಲ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಅವು ಉಳಿಯುವುದು ಚಾಕುವಿನಲ್ಲಿ, ಮಣೆಯಲ್ಲಿ, ಸಿಂಕಿನಲ್ಲಿ. ನಲ್ಲಿಯ ಕೆಳಗೆ ಕೋಳಿ ತೊಳೆದರೆ ಸಿಡಿದ ಹನಿ ಪಕ್ಕದ ತಟ್ಟೆ, ಲೋಟ ಸೇರುತ್ತದೆ. ಇದನ್ನು ಫೋನಿನಲ್ಲಿ ಅವ್ವನಿಗೆ ಹೇಳಿ ಬೈಸಿಕೊಂಡೆ: "ತೊಳೀದೇ ತಿಂತೀರೇನೋ?" ಪಾತ್ರೆಯಲ್ಲಿ ಮೆಲ್ಲಗೆ ತೊಳೆದು, ಸಿಂಕನ್ನು ಸೋಪು ಹಾಕಿ ಉಜ್ಜುವುದು ನಮ್ಮಿಬ್ಬರ ನಡುವಿನ ರಾಜಿ.

ಅವ್ವನ ಲೆಕ್ಕವೂ ತಪ್ಪಲ್ಲ. ಊರಲ್ಲಿ ನಾಟಿ ಕೋಳಿ ಕೊಯ್ದ ಗಂಟೆಯೊಳಗೆ ಒಲೆಯ ಮೇಲಿರುತ್ತಿತ್ತು. ಇಲ್ಲಿ ನಾವು ಆ್ಯಪಿನಲ್ಲಿ ತರಿಸಿ, ಮಸಾಲೆ ಹಚ್ಚಿ, ಆಫೀಸಿನ ಕಾಲ್ ಮುಗಿಯುವವರೆಗೆ ಅಡುಗೆ ಕಟ್ಟೆಯ ಮೇಲೇ ಬಿಡುತ್ತೇವೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹೈದರಾಬಾದಿನ ಬೇಸಿಗೆಯಲ್ಲಂತೂ ಒಂದು ಗಂಟೆಯೂ ಹೆಚ್ಚೇ.

ಹೊರಗಿನ ತಿಂಡಿಯ ಕತೆ ಬೇರೆ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥಳಾದ 16 ವರ್ಷದ ವಿದ್ಯಾರ್ಥಿನಿ 2022ರ ಮೇ 1ರಂದು ತೀರಿಕೊಂಡಳು. ಅಸ್ವಸ್ಥರಲ್ಲಿ ಶಿಗೆಲ್ಲಾ ಪತ್ತೆಯಾಯಿತು. ಶವರ್ಮಾ ಸರಳಿನಲ್ಲಿ ಬೇಯುವುದು ಹೊರಪದರ ಮಾತ್ರ. ಗಿರಾಕಿ ಹೆಚ್ಚಿದಾಗ ಒಳಪದರಕ್ಕೆ ಬೇಯಲು ಸಮಯವೇ ಸಿಗುವುದಿಲ್ಲ. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ 30ರಂದು ಹಸಿ ಮೊಟ್ಟೆಯ ಮಯೋನೀಸನ್ನು ಒಂದು ವರ್ಷ ನಿಷೇಧಿಸಿತು. ಒಳ್ಳೆಯದೇ. ಆದರೆ ಒಂದು ವಸ್ತುವನ್ನು ನಿಷೇಧಿಸುವುದು ಸುಲಭ. ಅಂಗಡಿಯ ಮಣೆ, ಚಾಕು, ಫ್ರಿಜ್ ನೋಡಲು ಇನ್‌ಸ್ಪೆಕ್ಟರ್ ಪದೇ ಪದೇ ಬರಬೇಕು. ಜನ ಸತ್ತಾಗ ಮಾತ್ರವಲ್ಲ, ಮಾಮೂಲಿ ಭಾನುವಾರಗಳಲ್ಲೂ.

ಈಗ ನಮ್ಮಲ್ಲಿ ಎರಡು ಮಣೆ. ಸೌತೆಕಾಯಿ ಮೊದಲು ಹೆಚ್ಚಿ ಮುಚ್ಚಿಟ್ಟು, ಆಮೇಲೆ ಕೋಳಿಯ ಚೀಲ ಬಿಚ್ಚುತ್ತೇನೆ.